ಐಸ್‌ಫಾಲ್‌ನಲ್ಲಿ ದಾರಿ ಕಟ್ಟುವವರು

ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟಿನ ತುದಿ ಕಾಣುವುದಿಲ್ಲ. ಅದನ್ನು ನೋಡಬೇಕೆಂದರೆ ಗೋರಕ್‌ಶೇಪ್‌ನಿಂದ ಕತ್ತಲಲ್ಲೇ ಹೊರಟು ಕಾಲಾಪತ್ಥರ್ ಹತ್ತಬೇಕು. ಏಪ್ರಿಲ್ ಕೊನೆಯ ವಾರ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತಾ ಮೇಲೆ ಹೋಗುತ್ತಿದ್ದೆ. ಮುಂದಿದ್ದ ನಮ್ಮ ಗೈಡ್ ದಾಯಿ (ನೇಪಾಳಿಯಲ್ಲಿ ದಾಯಿ ಎಂದರೆ ಅಣ್ಣ) ಒಂದು ಕಡೆ ನಿಂತು ಬಲಕ್ಕೆ ಕೈ ತೋರಿಸಿದರು. ಕೆಳಗೆ, ಬೇಸ್ ಕ್ಯಾಂಪಿನ ಆಚೆ, ಕಪ್ಪು ಇಳಿಜಾರಿನಲ್ಲಿ ಸಣ್ಣ ಸಣ್ಣ ದೀಪಗಳ ಸಾಲು. ಗಮನವಿಟ್ಟು ನೋಡಿದರಷ್ಟೇ ಸಾಲು ಚಲಿಸುತ್ತಿರುವುದು ಗೊತ್ತಾಗುತ್ತಿತ್ತು. "ಐಸ್‌ಫಾಲ್ ದಾಟ್ತಾ ಇದ್ದಾರೆ. ಸೂರ್ಯ ಬರೋ ಮೊದಲು ಮೇಲೆ ಸೇರಬೇಕು," ಎಂದರು.

ಸ್ವಲ್ಪ ಹೊತ್ತಿಗೆ ನುಪ್ಟ್ಸೆ ಶಿಖರದ ಹಿಂದಿನಿಂದ ಎವರೆಸ್ಟಿನ ಕಪ್ಪು ತ್ರಿಕೋನ ಬೆಳಕಿಗೆ ಬಂತು. ಸುತ್ತಲಿದ್ದವರೆಲ್ಲ ಫೋಟೋ ತೆಗೆಯತೊಡಗಿದರು. ನಾನೂ ತೆಗೆದೆ. ಆದರೆ ಕಣ್ಣು ಮತ್ತೆ ಮತ್ತೆ ಆ ದೀಪಗಳ ಕಡೆಗೇ ಹೋಗುತ್ತಿತ್ತು.

ನಾನು ಶಿಖರ ಹತ್ತುವವಳಲ್ಲ, ಚಾರಣಕ್ಕೆ ಹೋದವಳು. ಹೋಗುವ ಮೊದಲು ಪುಸ್ತಕಗಳಲ್ಲಿ ನೇಪಾಳದ ಕಡೆಯ ದಾರಿಯ ನಕ್ಷೆ ನೋಡಿದ್ದೆ. 5,364 ಮೀಟರಿನ ಬೇಸ್ ಕ್ಯಾಂಪಿನಿಂದ ಐಸ್‌ಫಾಲ್ ದಾಟಿ ಸುಮಾರು 6,000 ಮೀಟರಿನಲ್ಲಿ ಮೊದಲ ಕ್ಯಾಂಪು, ವೆಸ್ಟರ್ನ್ ಕೂಮ್ ಎಂಬ ಹಿಮ ಕಣಿವೆಯಲ್ಲಿ ಎರಡನೆಯದು, ಪಕ್ಕದ ಲೋತ್ಸೆ ಶಿಖರದ ಗೋಡೆಯಲ್ಲಿ ಮೂರನೆಯದು, ಎರಡೂ ಶಿಖರಗಳ ನಡುವಿನ ತಗ್ಗಾದ, 7,900 ಮೀಟರಿನ ಸೌತ್ ಕೋಲ್‌ನಲ್ಲಿ ನಾಲ್ಕನೆಯದು, ಅಲ್ಲಿಂದ ಆಗ್ನೇಯ ಏಣು ಹಿಡಿದು 8,848.86 ಮೀಟರಿನ ತುದಿ. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಹೋದದ್ದೂ ಇದೇ ದಾರಿಯಲ್ಲಿ, 1965ರಲ್ಲಿ ಕೋಹ್ಲಿಯವರ ನಾಯಕತ್ವದ ಭಾರತೀಯ ತಂಡದ ಒಂಬತ್ತು ಮಂದಿ ತುದಿ ಮುಟ್ಟಿದ್ದೂ ಇದರಲ್ಲೇ. ನಕ್ಷೆಯಲ್ಲಿ ಅದೊಂದು ಕೆಂಪು ಗೆರೆ. ಗೆರೆ ಎಂದ ಮೇಲೆ ದಾರಿ ಅಲ್ಲಿ ಇದ್ದೇ ಇದೆ ಅಂದುಕೊಳ್ಳುವುದು ಸಹಜ.

ಇರುವುದಿಲ್ಲ. ಪ್ರತಿ ವಸಂತದಲ್ಲಿ ಹೊಸದಾಗಿ ಕಟ್ಟಬೇಕು.

ಐಸ್‌ಫಾಲ್ ಎಂದರೆ ಖುಂಬು ಹಿಮನದಿ ಕಡಿದಾದ ಇಳಿಜಾರಿಗೆ ಬಂದು ಒಡೆದು ಚೂರಾಗುವ ಜಾಗ. ಮೂರು ನಾಲ್ಕು ಅಂತಸ್ತಿನಷ್ಟು ಎತ್ತರದ ಹಿಮದ ಗಡ್ಡೆಗಳು, ನಡುನಡುವೆ ತಳ ಕಾಣದ ಬಿರುಕುಗಳು. ಇಡೀ ರಾಶಿ ದಿನಕ್ಕೆ ಒಂದು ಮೀಟರಿನ ಆಸುಪಾಸು ಕೆಳಗೆ ಸರಿಯುತ್ತಲೇ ಇರುತ್ತದೆ. ಹೋದ ವರ್ಷ ಏಣಿ ಇಟ್ಟ ಬಿರುಕು ಈ ವರ್ಷ ಆ ಜಾಗದಲ್ಲಿ ಇರುವುದಿಲ್ಲ. ಕೆಲವು ಸಲ ನಿನ್ನೆ ಇಟ್ಟ ಏಣಿಯೇ ಇಂದು ತಿರುಚಿಕೊಂಡು ನೇತಾಡುತ್ತಿರುತ್ತದೆ. ಸಿದ್ದಾಪುರದ ಕಡೆಯ ನಮ್ಮೂರಲ್ಲಿ ಮಳೆಗಾಲಕ್ಕೆ ಮುಂಚೆ ಊರವರು ಸೇರಿ ಅಡಿಕೆ ಮರದ ದಬ್ಬೆ ಹಾಸಿ ಹಳ್ಳಕ್ಕೆ ಸಂಕ ಕಟ್ಟುತ್ತಿದ್ದರು. ಹಳೇ ಸಂಕವನ್ನು ನಂಬಿ ಯಾರೂ ಕಾಲಿಡುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ, ಆದರೆ ಕೆಳಗಿನ ಹಳ್ಳವೇ ನಡೆಯುತ್ತಿರುತ್ತದೆ. 1953ರ ತಂಡದಲ್ಲಿದ್ದ ಕಾಂಛಾ ಶೆರ್ಪಾ ಹೇಳಿಕೊಂಡಿದ್ದರು, ದೊಡ್ಡ ಬಿರುಕೊಂದನ್ನು ದಾಟಲು ಕೆಳಗಿನ ನಾಮ್ಚೆ ಊರಿಗೆ ವಾಪಸು ಹೋಗಿ ಮರ ಕಡಿದು ಹೊತ್ತು ತಂದಿದ್ದೆವು ಎಂದು. ನಾಮ್ಚೆಯಿಂದ ಅಲ್ಲಿಗೆ ಬರಿಗೈಯಲ್ಲಿ ನಡೆದುಹೋಗುವಷ್ಟರಲ್ಲೇ ನಾನು ಸೋತು ಹೋಗಿದ್ದೆ.

ಈಗ ಈ ಕೆಲಸ ಐಸ್‌ಫಾಲ್ ಡಾಕ್ಟರ್‌ಗಳದ್ದು. ಸಾಗರಮಾಥಾ ಮಾಲಿನ್ಯ ನಿಯಂತ್ರಣ ಸಮಿತಿ ನೇಮಿಸುವ ಶೆರ್ಪಾಗಳ ಸಣ್ಣ ತಂಡ. ಮಾರ್ಚಿನಲ್ಲಿ ಬಂದು, ಪೂಜೆ ಮುಗಿಸಿ, ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಎರಡನೇ ಕ್ಯಾಂಪಿನವರೆಗೆ ಹಗ್ಗ, ಏಣಿ ಕೂರಿಸುತ್ತಾರೆ. ಆಮೇಲೆ ಸೀಸನ್ ಮುಗಿಯುವವರೆಗೂ ಅದನ್ನು ರಿಪೇರಿ ಮಾಡುತ್ತಲೇ ಇರುತ್ತಾರೆ.

ಅವರಲ್ಲೊಬ್ಬರು ನಮ್ಮ ದಾಯಿಯ ಊರಿನವರು, ದೂರದ ಸಂಬಂಧ. ಕಾಲಾಪತ್ಥರ್ ಇಳಿದು ಗಂಜಿ ಕುಡಿದು ಬೇಸ್ ಕ್ಯಾಂಪಿಗೆ ಹೋದಾಗ ಅವರು ಟೆಂಟಿನ ಹೊರಗೆ ಕೂತಿದ್ದರು. ಬಿಸಿ ಲಿಂಬೆ ನೀರು ಕೊಟ್ಟರು. ಪಕ್ಕದಲ್ಲಿ ಕೆಳಗೆ ತಂದ ಹಳೇ ಅಲ್ಯೂಮಿನಿಯಂ ಏಣಿಯೊಂದು ಬಿದ್ದಿತ್ತು. ಮನೆಗೆ ಬಣ್ಣ ಬಳಿಯುವವರು ತರುವಂಥ ಮಾಮೂಲಿ ಏಣಿ. ಮೆಟ್ಟಿಲುಗಳ ತುಂಬ ಗೀರು, ಹಿಮದಲ್ಲಿ ನಡೆಯಲು ಬೂಟಿಗೆ ಕಟ್ಟುವ ಕ್ರ್ಯಾಂಪಾನ್‌ನ ಹಲ್ಲು ಕಚ್ಚಿದ ಗುರುತು. ಒಂದು ಕಡೆಯ ಕಂಬಿ ಮಧ್ಯದಲ್ಲಿ ಬಗ್ಗಿಹೋಗಿತ್ತು. ಅಗಲದ ಬಿರುಕು ಬಂದರೆ ಇಂಥ ಎರಡು ಮೂರು ಏಣಿಗಳನ್ನು ತುದಿಗೆ ತುದಿ ಸೇರಿಸಿ ಹಗ್ಗದಲ್ಲಿ ಬಿಗಿಯುತ್ತಾರೆ. ಹೇಗೆ ಎಂದು ಕೇಳಿದ್ದಕ್ಕೆ ಅವರು ಎದ್ದು ಬಂದು ಕಟ್ಟಿ ತೋರಿಸಿದರು. ಎರಡು ಮೆಟ್ಟಿಲು ಒಂದರ ಮೇಲೊಂದು ಬರುವಂತೆ ಜೋಡಿಸಿ, ಹಗ್ಗ ಸುತ್ತಿ, ಮೊಣಕಾಲು ಊರಿ ಎಳೆದು ಗಂಟು ಹಾಕಿದರು. ಬೆರಳ ತುದಿಗಳೆಲ್ಲ ಚಳಿಗೆ ಒಡೆದು ಕಪ್ಪಾಗಿದ್ದವು. ಗಂಟಿನ ಮೇಲೆ ಕೈಯಿಟ್ಟು ಅಲ್ಲಾಡಿಸಿ ನೋಡಿದೆ, ಒಂದಿಷ್ಟೂ ಮಿಸುಕಲಿಲ್ಲ.

ನಾನಾಗಿ ಕೇಳದಿದ್ದರೂ 2014ರ ಮಾತು ಬಂತು. ಆ ಏಪ್ರಿಲ್ 18ರ ಬೆಳಿಗ್ಗೆ ಎವರೆಸ್ಟಿನ ಪಶ್ಚಿಮ ಭುಜದಿಂದ ಹಿಮದ ದೊಡ್ಡ ಬಂಡೆ ಕಳಚಿ ಐಸ್‌ಫಾಲ್ ಮೇಲೆ ಬಿದ್ದು 16 ಮಂದಿ ಸತ್ತರು. ಎಲ್ಲರೂ ನೇಪಾಳದ ಕೆಲಸಗಾರರು, ಬೇರೆಯವರ ಡೇರೆ, ಹಗ್ಗ, ಅಡುಗೆ ಸಾಮಾನು ಹೊತ್ತು ಹೋಗುತ್ತಿದ್ದವರು. ಸರ್ಕಾರ ಮೊದಲು ಘೋಷಿಸಿದ್ದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಶೆರ್ಪಾಗಳು ಸಿಟ್ಟಿಗೆದ್ದು ಕೆಲಸ ನಿಲ್ಲಿಸಿದರು, ಆ ಸೀಸನ್ ಅಲ್ಲಿಗೇ ಮುಗಿಯಿತು. ಸಿಟ್ಟು ಬಾರದಿದ್ದರೆ ಆಶ್ಚರ್ಯವಾಗುತ್ತಿತ್ತು. ಮುಂದಿನ ವರ್ಷ ದಾರಿಯನ್ನು ಆ ಭುಜದಿಂದ ದೂರಕ್ಕೆ, ಐಸ್‌ಫಾಲ್‌ನ ಮಧ್ಯದ ಕಡೆಗೆ ಸರಿಸಿದರು. ಆದರೆ ಆ ವರ್ಷ ಭೂಕಂಪ ಆಗಿ ಹಿಮಕುಸಿತ ಬೇಸ್ ಕ್ಯಾಂಪಿನ ಮೇಲೇ ಎರಗಿತು.

ಹಣ ಕೊಟ್ಟು ಹತ್ತಲು ಬಂದವರು ಐಸ್‌ಫಾಲ್ ದಾಟುವುದು ಕೆಲವೇ ಸಲ. ಸಾಮಾನು ಹೊರುವವರೂ ದಾರಿ ಕಾಯುವವರೂ ಅದರ ಹಲವು ಪಟ್ಟು ದಾಟುತ್ತಾರೆ. ಬೆಟ್ಟದ ಅಪಾಯ ಎಲ್ಲರಿಗೂ ಒಂದೇ ಅನ್ನುವ ಮಾತನ್ನು ಆ ಮಧ್ಯಾಹ್ನದ ನಂತರ ನಾನು ಒಪ್ಪುವುದಿಲ್ಲ. 2025ರಲ್ಲಿ ಏಣಿ, ಹಗ್ಗಗಳನ್ನು ಮೊದಲ ಕ್ಯಾಂಪಿನವರೆಗೆ ಡ್ರೋನ್‌ನಲ್ಲಿ ಸಾಗಿಸತೊಡಗಿದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮನುಷ್ಯನ ಬೆನ್ನು. ಒಂದು ಹೊರೆಯಾದರೂ ಕಡಿಮೆಯಾಯಿತಲ್ಲ.

"ನೀವು ತುದಿಗೆ ಹೋಗಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದೆ.

"ಇಲ್ಲ ದೀದಿ. ನಮ್ಮ ಕೆಲಸ ಎರಡನೇ ಕ್ಯಾಂಪಿಗೆ ಮುಗೀತದೆ. ಅಲ್ಲಿಂದ ಮೇಲೆ ಹಗ್ಗ ಕಟ್ಟೋರು ಬೇರೆ."

ಹೋಗಬೇಕು ಅನ್ನಿಸಿಲ್ಲವಾ ಎಂದೆ. ಅವರು ಐಸ್‌ಫಾಲ್ ಕಡೆ ನೋಡಿದರು. ಬಿಸಿಲೇರಿತ್ತು, ಒಳಗೆಲ್ಲೋ ಹಿಮ ಬಿರಿದ ಸದ್ದು ಬಂತು. ಯಾವ ಕಡೆಯಿಂದ ಎಂದು ಲಕ್ಷ್ಯವಿಟ್ಟು ಕೇಳಿ, ಅದು ದಾರಿಯ ಕಡೆಯದ್ದಲ್ಲ ಎಂದು ಖಾತ್ರಿಯಾದ ಮೇಲೆ ನನ್ನತ್ತ ತಿರುಗಿದರು. "ಮೇ ಕೊನೆಗೆ ಎಲ್ಲರೂ ಇಳಿದ ಮೇಲೆ ಏಣಿ ಬಿಚ್ಚಿ ತರೋದೂ ನಾವೇ. ಅದು ಮುಗಿಸಿ ಊರಿಗೆ ಹೋಗ್ಬೇಕು. ಹೆಂಡತಿ ಒಬ್ಬಳೇ ಆಲೂಗಡ್ಡೆ ನೆಟ್ಟಿದ್ದಾಳೆ, ಕಳೆ ತೆಗೆಯೋಕಾದರೂ ನಾನು ಇರಬೇಕಲ್ಲ," ಎಂದರು.