ಬೈಕಲ್ಲಿ ಮುಳ್ಳಯ್ಯನಗಿರಿಗೆ ಹೊರಟಿದ್ರೆ ಹಿಂದಿನ ದಿನ ಸರ್ವಿಸ್ ಮಾಡಿಸ್ಬೇಡಿ

ಡಿಸೆಂಬರಲ್ಲಿ ನಾನೂ ನಮ್ಮ ಭಾಮೈದನೂ ಬೆಂಗಳೂರಿನ ವಿಜಯನಗರದಿಂದ ಒಂದೇ ಬೈಕಲ್ಲಿ ಚಿಕ್ಕಮಗಳೂರು ಹತ್ರದ ಮುಳ್ಳಯ್ಯನಗಿರಿ ಬೆಟ್ಟಕ್ಕೆ ಹೋಗ್ಬಂದ್ವಿ. ಎರಡು ದಿನ, ಸುತ್ತಾಟ ಎಲ್ಲ ಸೇರಿ ಸುಮಾರು 550 ಕಿಲೋಮೀಟರ್. ನಂದು 2017ರ 150 ಸಿಸಿ ಗಾಡಿ, ಮುಂದೆ ಡಿಸ್ಕ್ ಬ್ರೇಕು, ಹಿಂದೆ ಡ್ರಮ್ ಬ್ರೇಕು, ಎಬಿಎಸ್ (ಗಕ್ಕನೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಇಲ್ಲ. 125 ಸಿಸಿ ಮೇಲಿನ ಹೊಸ ಗಾಡಿಗೆಲ್ಲ ಎಬಿಎಸ್ ಕಡ್ಡಾಯ ಆಗಿದ್ದು 2019ರ ಏಪ್ರಿಲಿಂದ, ನಂದು ಅದಕ್ಕೆ ಮುಂಚಿಂದು. ಹೋಗ್ಬಂದ್ಮೇಲೆ ಆಫೀಸಲ್ಲಿ ಮೂರ್ನಾಲ್ಕು ಜನ ನಾವೂ ಹೋಗ್ಬೇಕು ಏನೇನ್ ನೋಡ್ಕೋಬೇಕು ಅಂತ ಕೇಳಿದ್ರು, ಒಬ್ಬೊಬ್ರಿಗೂ ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಬರೀತಿದೀನಿ.

ನಾನು ಮಾಡಿದ ದೊಡ್ಡ ತಪ್ಪು ಯಾವ್ದು ಅಂದ್ರೆ ಎಲ್ಲರೂ ಜಾಣತನ ಅಂದ್ಕೊಳ್ಳೋ ಕೆಲಸಾನೇ. ಶನಿವಾರ ಬೆಳಗ್ಗೆ ಹೊರಡೋದಿತ್ತು, ಶುಕ್ರವಾರ ಸಂಜೆ ಗಾಡಿ ಸರ್ವಿಸ್‌ಗೆ ಬಿಟ್ಟೆ. ಲಾಂಗ್ ಹೋಗ್ತಿದೀನಿ ಸ್ವಲ್ಪ ನೀಟಾಗಿ ನೋಡಪ್ಪ ಅಂದೆ, ಅವನೂ ಪಾಪ ಆಯ್ತು ಸಾರ್ ಅಂದ, ಆಯಿಲ್ ಚೇಂಜ್ ಮಾಡ್ದ, ಏರ್ ಫಿಲ್ಟರ್ ಊದಿ ಹಾಕ್ದ, ಬ್ರೇಕ್ ಟೈಟು, ಚೈನ್ ಟೈಟು, ಫಳಫಳ ಅನ್ನೋ ಹಾಗೆ ವಾಟರ್ ವಾಶು. ಏಳೂವರೆಗೆ ಗಾಡಿ ತಗೊಂಡು ಸೀದಾ ಮನೆಗೆ ಬಂದೆ. ಎರಡು ಕಿಲೋಮೀಟರೂ ಇಲ್ಲ, ಅಷ್ಟರಲ್ಲಿ ಏನ್ ಗೊತ್ತಾಗತ್ತೆ.

ಬೆಳಗ್ಗೆ ಐದಕ್ಕೆ ಬಿಟ್ವಿ. ಗೊರಗುಂಟೆಪಾಳ್ಯದಿಂದ ಪೀಣ್ಯ ಫ್ಲೈಓವರ್ ಹತ್ತಿದ್ರೆ ಎಂಟನೇ ಮೈಲಿ ಕಡೆ ಸಲೀಸಾಗಿ ದಾಟಬಹುದು, ಆದ್ರೆ ಮೇಲೆ ಗಾಳಿ ಪಕ್ಕದಿಂದ ಹೊಡೆಯತ್ತೆ, ಲಾರಿ ಪಕ್ಕದಲ್ಲಿ ಹಾದಾಗ ಗಾಡಿ ಒಂದು ಗೇಣು ಎಳೆದಂಗಾಗತ್ತೆ, ಹ್ಯಾಂಡಲ್ ಬಿಗಿ ಹಿಡ್ದು ಕೂರೋದಲ್ಲ, ತೊಡೆಯಲ್ಲಿ ಟ್ಯಾಂಕ್ ಒತ್ತಿ ಹಿಡೀಬೇಕು. ಈ ಹೊತ್ತಲ್ಲಿ ರೋಡ್ ಖಾಲಿ ಇರತ್ತೆ ಅನ್ನೋದು ಭ್ರಮೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಊರಿಂದ ಬರೋ ಬಸ್ಸು, ಟೆಂಪೋ ಎಲ್ಲ ಬೆಂಗಳೂರಿಗೆ ನುಗ್ಗೋ ಟೈಮು ಅದು, ಜೊತೆಗೆ ನಮ್ಮ ಕಡೆ ಸೈಡಲ್ಲೇ ಹೆಡ್‌ಲೈಟ್ ಇಲ್ದೆ ಎದುರಿಂದ ಬರೋ ಹಾಲಿನ ಗಾಡಿಗಳು. ಬೆಳಕು ಹರಿಯೋವರೆಗೂ ಅರವತ್ತು ದಾಟಬೇಡಿ.

ನೆಲಮಂಗಲದಲ್ಲಿ ನೆಟ್ಟಗೆ ಹೋದ್ರೆ ತುಮಕೂರು, ಎಡಕ್ಕೆ ಹೋದ್ರೆ ಕುಣಿಗಲ್, ಹಾಸನ. ಮೊದಲ ಸಲ ಹೋಗೋರು ಇಲ್ಲಿ ಫ್ಲೈಓವರ್ ಹತ್ತಿಬಿಟ್ಟು ಆಮೇಲೆ ಮೊಬೈಲ್ ನೋಡ್ಕೊಂಡು ಗಕ್ಕನೆ ನಿಲ್ಸೋದು ಎಷ್ಟೋ ಸಲ ನೋಡಿದೀನಿ. ಟೋಲಲ್ಲಿ ಟೂ ವೀಲರ್‌ಗೆ ದುಡ್ಡಿಲ್ಲ, ಎಡಗಡೆ ಪುಟ್ಟ ಸಂದಿ ಇರತ್ತೆ, ಆದ್ರೆ ಆ ಸಂದಿ ತುಂಬ ಮರಳು ಮತ್ತೆ ಆಯಿಲ್ ಬಿದ್ದಿರತ್ತೆ, ಮುಂದಿನ ಬ್ರೇಕ್ ಒತ್ತಿದ್ರೋ ಕೆಳಗೆ. ಮೊದಲೇ ಸ್ಲೋ ಮಾಡ್ಕೊಂಡು ಹೋಗಿ.

ಸೋಲೂರು ದಾಟಿದ್ಮೇಲೆ ಸೀಟ್ ಕೆಳಗಿಂದ ಒಂಥರಾ ಗೊಂಯ್ ಅನ್ನೋ ಸೌಂಡ್ ಶುರುವಾಯ್ತು. ಭಾಮೈದ ಹಿಂದೆಯಿಂದ ‘ಭಾವ, ಏನೋ ಅಳ್ತಿದೆ’ ಅಂದ. ಹೊಸ ಆಯಿಲ್ ಹಾಕಿದಾರಲ್ಲ ಸೆಟ್ ಆಗತ್ತೆ ಬಿಡು ಅಂದೆ. ಇದು ನನ್ನ ಎರಡನೇ ತಪ್ಪು. ಗಾಡಿ ಹೊಸದಾಗಿ ಏನಾದ್ರೂ ಸದ್ದು ಮಾಡಿದ್ರೆ ಅದಕ್ಕೆ ನಾವೇ ಸಮಾಧಾನ ಹುಡುಕ್ಕೊಂಡು ಇನ್ನೂ ಐವತ್ತು ಕಿಲೋಮೀಟರ್ ಓಡಿಸ್ತೀವಿ. ಯಡಿಯೂರಲ್ಲಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು, ತಟ್ಟೆ ಇಡ್ಲಿ ತಿಂದು ಬಂದು ಸೆಂಟರ್ ಸ್ಟ್ಯಾಂಡ್ ಹಾಕಿ ನೋಡಿದ್ರೆ ಚೈನು ಅಲ್ಲಾಡ್ತಾನೇ ಇಲ್ಲ. ಬೆರಳಲ್ಲಿ ಮೇಲಕ್ಕೆ ಒತ್ತಿದ್ರೆ ಕಂಬಿ ಒತ್ತಿದ ಹಾಗೆ.

ಇದು ಯಾಕೆ ಅಪಾಯ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಚೈನ್ ಲೂಸ್ ಇದ್ರೆ ಡೇಂಜರ್ ಅಂತ ಎಲ್ಲರಿಗೂ ಗೊತ್ತು, ಟೈಟ್ ಇದ್ರೆ ಅದಕ್ಕಿಂತ ಡೇಂಜರ್ ಅಂತ ಯಾರೂ ಹೇಳಲ್ಲ. ಹಿಂದಿನ ಚಕ್ರ ಹಿಡ್ಕೊಂಡಿರೋ ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡ್ತಿರತ್ತೆ. ಮುಂದಿನ ಸ್ಪ್ರಾಕೆಟ್ಟು (ಚೈನ್ ಕೂರೋ ಹಲ್ಲಿನ ಚಕ್ರ), ಸ್ವಿಂಗ್ ಆರ್ಮ್ ಬೋಲ್ಟು, ಹಿಂದಿನ ಆಕ್ಸಲ್ಲು (ಚಕ್ರದ ನಡುವಿನ ಅಚ್ಚು), ಈ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್ ನಡುವಿನ ದೂರ ಜಾಸ್ತಿ ಆಗತ್ತೆ, ಅಂದ್ರೆ ಚೈನ್ ಇನ್ನೂ ಬಿಗಿಯಾಗತ್ತೆ. ಗಾಡಿ ಖಾಲಿ ನಿಂತಿದ್ದಾಗ ಸರಿಯಾಗಿರೋ ಚೈನು, ಹಿಂದೆ ಒಬ್ಬ ಕೂತು ಮೇಲೊಂದು ಬ್ಯಾಗ್ ಕಟ್ಟಿದ್ಮೇಲೆ ಸರಿಯಾಗಿರಲ್ಲ. ಮೊದಲೇ ಬಿಗಿ ಇದ್ರಂತೂ ಒಂದೊಂದು ಹಳ್ಳ, ಒಂದೊಂದು ಹಂಪ್‌ಗೂ ಗೇರ್ ಬಾಕ್ಸಿನ ಬೇರಿಂಗೂ ಚಕ್ರದ ಬೇರಿಂಗೂ ಏಟು ತಿಂತವೆ, ಕೊನೆಗೆ ಚೈನೇ ಕಟ್ ಆಗಿ ಚಕ್ರಕ್ಕೆ ಸಿಕ್ಕಾಕ್ಕೊಂಡ್ರೆ ಎಂಬತ್ತರ ಸ್ಪೀಡಲ್ಲಿ ಚಕ್ರ ಲಾಕು. ಸಾಮಾನ್ಯವಾಗಿ ಇಂಥ ಗಾಡಿಗೆ ಕೆಳಗಿನ ಚೈನ್ ನಡುವಲ್ಲಿ 25ರಿಂದ 35 ಮಿಲಿಮೀಟರ್ ಆಡ್ಬೇಕು, ಅಂದ್ರೆ ಎರಡು ಬೆರಳಗಲಕ್ಕೆ ಸ್ವಲ್ಪ ಕಮ್ಮಿ, ಆದ್ರೆ ನಿಮ್ಮ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಎಷ್ಟಿದೆಯೋ ಅದೇ ಲೆಕ್ಕ. ಒಂದೇ ಕಡೆ ನೋಡಿ ಬಿಡ್ಬೇಡಿ, ಚಕ್ರ ತಿರುಗಿಸ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೀಬೇಕು.

ಚೈನ್ ಸಡಿಲ ಮಾಡ್ಬೇಕು ಅಂದ್ರೆ ಆಕ್ಸಲ್ ನಟ್ ಬಿಚ್ಬೇಕು, ನನ್ನ ಗಾಡಿಗೆ 24 ನಂಬರ್ ಸ್ಪ್ಯಾನರ್ ಬೇಕು, ಟೂಲ್ ಕಿಟ್ಟಲ್ಲಿ ಅದೇ ಇಲ್ಲ. ನಿಧಾನಕ್ಕೆ ಮೂವತ್ತರಲ್ಲಿ ತಳ್ಕೊಂಡು ಹೋದ ಹಾಗೆ ಹೋಗಿ, ಬೆಳ್ಳೂರು ಕ್ರಾಸ್‌ಗೆ ಮುಂಚೆ ಒಂದು ಪಂಕ್ಚರ್ ಅಂಗಡಿ ಸಿಕ್ತು. ಅಲ್ಲಿದ್ದ ಯಜಮಾನ್ರು ಬೀಡಿ ಪಕ್ಕಕ್ಕಿಟ್ಟು ಚೈನ್ ಮುಟ್ಟಿ ನೋಡಿ ‘ಏನ್ ಸಾಮಿ, ಇದೇನು ಚೈನಾ ಇಲ್ಲ ತಂಬೂರಿ ತಂತಿಯಾ’ ಅಂದ್ರು. ಹತ್ತು ನಿಮಿಷದ ಕೆಲಸ. ಎರಡೂ ಕಡೆ ಅಡ್ಜಸ್ಟರ್ ಗೆರೆ ಎಣಿಸಿ ಸಮ ಮಾಡಿ, ಚಕ್ರ ಮುಂದಕ್ಕೆ ಬಿಟ್ಟು, ನಟ್ ಬಿಗಿದ್ರು. ಆಮೇಲೆ ಅವರು ಮಾಡಿದ ಒಂದು ಕೆಲಸ ನಂಗೆ ಹೊಳೀತಾನೇ ಇರ್ಲಿಲ್ಲ, ಹಿಂದಿನ ಬ್ರೇಕ್ ಪೆಡಲ್ ತುಳಿದು ನೋಡಿದ್ರು. ಚಕ್ರ ಮುಂದಕ್ಕೆ ಬಂದ್ರೆ ಪೆಡಲಿಂದ ಹಿಂದಿನ ಡ್ರಮ್ಮಿಗೆ ಹೋಗೋ ಬ್ರೇಕ್ ರಾಡ್ ಸಡಿಲ ಆಗತ್ತೆ, ಪೆಡಲ್ ಅರ್ಧಕ್ಕಿಂತ ಜಾಸ್ತಿ ಕೆಳಗೆ ಹೋಗ್ತಿತ್ತು. ನೋಡದೆ ಹಂಗೇ ಹೊರಟಿದ್ರೆ ಬೆಟ್ಟದಲ್ಲಿ ಗೊತ್ತಾಗ್ತಿತ್ತು ನಮಗೆ. ಡ್ರಮ್ ಬ್ರೇಕ್ ಗಾಡಿಯವರು ಇದನ್ನ ಬರ್ದಿಟ್ಕೊಳಿ, ಚೈನ್ ಮುಟ್ಟಿದ್ರೆ ಬ್ರೇಕ್ ನೋಡ್ಲೇಬೇಕು, ಜೊತೆಗೆ ಬ್ರೇಕ್ ಲೈಟ್ ಹತ್ತತ್ತಾ ಅಂತಾನೂ. ಎಷ್ಟಾಯ್ತು ಅಂದ್ರೆ ಐವತ್ತು ಕೊಡಿ ಅಂದ್ರು.

ಹಾಗಾಗಿ ಹೊರಡೋ ಮುಂಚೆ ಒಂದು ವಾರ ಇರೋವಾಗಲೇ ಸರ್ವಿಸ್ ಮುಗಿಸಿ. ಆಮೇಲೆ ನಾಲ್ಕೈದು ದಿನ ಆಫೀಸಿಗೆ ಅದೇ ಗಾಡಿಯಲ್ಲಿ ಓಡಾಡಿ, ಸಿಲ್ಕ್ ಬೋರ್ಡೋ ಹೆಬ್ಬಾಳವೋ ನಿಮ್ಮ ಹಣೇಲಿ ಯಾವ್ದು ಬರ್ದಿದೆಯೋ ಅಲ್ಲಿ. ಬೆಂಗಳೂರು ಟ್ರಾಫಿಕ್ಕಿಗಿಂತ ಒಳ್ಳೆ ಟೆಸ್ಟ್ ಇಲ್ಲ, ಕ್ಲಚ್ಚು ಬ್ರೇಕು ಎರಡೂ ಬಣ್ಣ ಬಯಲು ಮಾಡ್ತವೆ. ಎಲ್ಲಾದ್ರೂ ನಟ್ ಸಡಿಲ ಬಿಟ್ಟಿದ್ರೆ, ಆಯಿಲ್ ಸೋರ್ತಿದ್ರೆ, ಮನೆ ಹತ್ರಾನೇ ಗೊತ್ತಾಗತ್ತೆ. ಡಿಸ್ಕ್ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ ಬದಲಾಯಿಸಿ ಅಂತ ನೀವೇ ಕೇಳಿ ಮಾಡಿಸ್ಬೇಕು, ಅವರಾಗಿ ಮಾಡಲ್ಲ. ಅದು ಗಾಳಿಯಲ್ಲಿರೋ ತೇವ ಹೀರ್ಕೊಳ್ಳತ್ತೆ, ತೇವ ಸೇರಿದ್ಮೇಲೆ ಬಿಸಿಗೆ ಬೇಗ ಕುದಿಯತ್ತೆ, ಕುದಿದ್ರೆ ಬ್ರೇಕ್ ಲಿವರ್ ಸ್ಪಂಜಿನ ಹಾಗೆ ಮೆತ್ತಗಾಗತ್ತೆ.

ಟೈರ್ ಗಾಳಿ ಹೊರಡೋ ದಿನ ಬೆಳಗ್ಗೆ ಟೈರ್ ತಣ್ಣಗಿದ್ದಾಗ ನೋಡ್ಬೇಕು, ಓಡಿಸಿ ಬಂಕ್‌ಗೆ ಹೋಗೋ ಹೊತ್ತಿಗೆ ಬಿಸಿಯಾಗಿ ಜಾಸ್ತಿ ತೋರ್ಸತ್ತೆ. ನನ್ನ ಗಾಡಿಗೆ ಮುಂದೆ 25, ಹಿಂದೆ ಒಬ್ಬರಾದ್ರೆ 28, ಇಬ್ಬರಾದ್ರೆ 32 ಪಿಎಸ್ಐ. ಎಷ್ಟೋ ಜನ ಹಿಂದೆ ಹೆಂಡ್ತಿನ ಕೂರಿಸ್ಕೊಂಡು, ಸೈಡಿಗೆ ಎರಡು ಬ್ಯಾಗ್ ನೇತಾಕ್ಕೊಂಡು ಅದೇ 28ರಲ್ಲಿ ಹೋಗ್ತಾರೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರತ್ತೆ, 2319 ಅಂತಿದ್ರೆ 2019ರ 23ನೇ ವಾರ ತಯಾರಾಗಿದ್ದು ಅಂತ. ನೋಡೋಕೆ ಗುಂಡಿ ಚೆನ್ನಾಗಿದ್ರೂ ಹಳೇ ಟೈರ್ ಗಟ್ಟಿಯಾಗಿ ಒದ್ದೆ ರೋಡಲ್ಲಿ ಜಾರತ್ತೆ.

ಚನ್ನರಾಯಪಟ್ಟಣ, ಹಾಸನ, ಬೇಲೂರು, ಇದರ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ, ರೋಡ್ ಚೆನ್ನಾಗಿದೆ, ಚೆನ್ನಾಗಿರೋದಕ್ಕೇ ನಿದ್ದೆ ಬರತ್ತೆ. ಗಂಟೆಗೊಂದ್ಸಲ ಇಳಿದು ಐದು ನಿಮಿಷ ಓಡಾಡಿ. ಬೇಲೂರಲ್ಲಿ ದೇವಸ್ಥಾನ ನೋಡಿ, ಊಟ ಸ್ವಲ್ಪ ಕಮ್ಮಿ ಮಾಡಿ, ಮಧ್ಯಾಹ್ನ ಚಿಕ್ಕಮಗಳೂರು ಸೇರಿದ್ವಿ, ಅವತ್ತು ಬೆಟ್ಟಕ್ಕೆ ಹೋಗ್ಲಿಲ್ಲ. ಒಂದೇ ದಿನದಲ್ಲಿ ಬೆಂಗಳೂರಿಂದ ಬಂದು ಸುಸ್ತಲ್ಲೇ ಬೆಟ್ಟ ಹತ್ತಿ ಇಳಿಯೋ ಪ್ಲಾನ್ ಇದ್ರೆ ಬಿಟ್ಬಿಡಿ. ಇನ್ನೊಂದು ವಿಷ್ಯ, 2025ರ ಸೆಪ್ಟೆಂಬರಿಂದ ಮುಳ್ಳಯ್ಯನಗಿರಿ ಇರೋ ಗಿರಿ ಭಾಗಕ್ಕೆ ಗಾಡಿ ತಗೊಂಡು ಹೋಗೋಕೆ ಆನ್‌ಲೈನಲ್ಲಿ ಮುಂಚೆನೇ ಬುಕ್ ಮಾಡ್ಬೇಕು, ಬೆಳಗ್ಗೆ ಒಂದು ಸ್ಲಾಟು ಮಧ್ಯಾಹ್ನ ಒಂದು ಸ್ಲಾಟು. ಬೆಳಗ್ಗೆದು ತಗೊಳಿ. ಮಾಡಿಸ್ದೆ ಹೋಗಿ ಕೈಮರ ಚೆಕ್‌ಪೋಸ್ಟಲ್ಲಿ ಗೋಗರೀಬೇಡಿ.

ಚಿಕ್ಕಮಗಳೂರು ಊರು ಹತ್ತಿರ ಹತ್ತಿರ 1,100 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿ ತುದಿ 1,930. ಅಷ್ಟು ಏರನ್ನ ಇಪ್ಪತ್ತು ಚಿಲ್ಲರೆ ಕಿಲೋಮೀಟರಲ್ಲಿ ಹತ್ತೋದು, ಸೀತಾಳಯ್ಯನಗಿರಿ ಆದ್ಮೇಲೆ ರೋಡ್ ಇನ್ನೂ ಕಿರಿದು, ಒಂದು ಜೀಪ್ ಬಂದ್ರೆ ಇನ್ನೊಂದಕ್ಕೆ ಜಾಗ ಇಲ್ಲ. ಡಿಸೆಂಬರ್ ಅಂದ್ರೆ ಕಾಫಿ ಕೊಯ್ಲು, ಆಳುಗಳನ್ನ ತುಂಬ್ಕೊಂಡು ಪಿಕಪ್‌ಗಳು ಓಡಾಡ್ತಿರತ್ವೆ, ಆ ಡ್ರೈವರ್‌ಗಳಿಗೆ ತಿರುವೆಲ್ಲ ಬಾಯಿಪಾಠ, ನಮಗಲ್ಲ. ಪ್ರತಿ ತಿರುವಿಗೂ ಹಾರ್ನ್ ಹೊಡೀರಿ, ಕಿರಿದಾದ ಕಡೆ ಹತ್ತೋ ಗಾಡಿಗೆ ಮೊದಲು ದಾರಿ ಬಿಡ್ಬೇಕು. ಮಂಜು ಬಂದ್ರೆ ಹೈ ಬೀಮ್ ಹಾಕ್ಬೇಡಿ, ಬಿಳಿ ಗೋಡೆ ಎದುರಿಗೆ ನಿಂತ ಹಾಗಾಗತ್ತೆ, ಡಿಮ್ಮಲ್ಲೇ ಹೋಗಿ.

ಹತ್ತೋದು ಇಂಜಿನ್ ಕೆಲಸ, ಇಳಿಯೋದು ನಮ್ಮ ಕೆಲಸ. ಯಾವ ಗೇರಲ್ಲಿ ಹತ್ತಿದ್ರೋ ಅದೇ ಗೇರಲ್ಲಿ ಇಳೀರಿ, ನಮಗೆ ಎರಡನೇ ಗೇರು, ಹೇರ್‌ಪಿನ್ ತಿರುವಲ್ಲಿ ಒಂದನೇದು. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡ್ಕೊಂಡು ಜಾರೋ ಬುದ್ಧಿವಂತ್ರು ಇವತ್ತಿಗೂ ಇದಾರೆ, ಹತ್ತು ರೂಪಾಯಿ ಉಳಿಯಬಹುದು. ಬ್ರೇಕ್ ಹಿಡ್ಕೊಂಡೇ ಇಳೀಬೇಡಿ, ತಿರುವಿಗೆ ಮುಂಚೆ ನೆಟ್ಟಗಿರೋವಾಗ ಎರಡೂ ಬ್ರೇಕ್ ಸೇರಿಸಿ ಒತ್ತಿ, ಬಿಟ್ಟು, ಆಮೇಲೆ ತಿರುಗಿಸಿ. ಎಬಿಎಸ್ ಇಲ್ದಿರೋ ಗಾಡಿಯಲ್ಲಿ ಗಾಬರಿಯಿಂದ ಗಬಕ್ ಅಂತ ಹಿಡಿದ್ರೆ ಚಕ್ರ ನಿಲ್ಲತ್ತೆ, ಗಾಡಿ ನಿಲ್ಲಲ್ಲ. ನಾವು ಇಳಿಯೋವಾಗ ಒಂದು ತಿರುವಲ್ಲಿ ಒಬ್ಬರು ಸ್ಕೂಟರ್ ನಿಲ್ಸಿ ಹಿಂದಿನ ಚಕ್ರಕ್ಕೆ ಬಾಟಲಿಯಿಂದ ನೀರು ಹಾಕೋಕೆ ಹೊರಟಿದ್ರು, ಡ್ರಮ್ಮಿಂದ ಸುಟ್ಟ ವಾಸನೆ, ಬ್ರೇಕೇ ಹಿಡೀತಿಲ್ಲ ಅಂತ ಹೆಂಡ್ತಿ ಕೆಳಗಿಳಿದು ನಡೀತಿದ್ರು. ನೀರು ಹಾಕ್ಬೇಡಿ ಸಾರ್, ಕಾದ ಲೋಹ ಸೀಳಬಹುದು, ಅರ್ಧ ಗಂಟೆ ಸುಮ್ನೆ ಕೂತ್ಕೊಳಿ ಅಂದೆ. ಗೇರ್ ಇಲ್ದಿರೋ ಸ್ಕೂಟರಲ್ಲಿ ಇಂಜಿನ್ ಹಿಡಿತ ಕಮ್ಮಿ, ಭಾರ ಎಲ್ಲ ಬ್ರೇಕ್ ಮೇಲೆ. ಅದ್ರಲ್ಲೇ ಹೋಗೋದಿದ್ರೆ ಎರಡು ಮೂರು ಕಡೆ ನಿಲ್ಸಿ ತಣ್ಣಗೆ ಮಾಡ್ಕೊಂಡೇ ಇಳೀರಿ.

ವಾಪಸ್ ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಮೇಲೆ ಬಂದ್ವಿ, ಬೇರೆ ದಾರಿ ನೋಡೋಣ ಅಂತ. ಈ ಕಡೆ ಒಳದಾರಿಗಳಲ್ಲಿ ಡಿಸೆಂಬರ್, ಜನವರಿಗೆ ರೋಡೇ ಕಣ. ಹುರುಳಿ, ರಾಗಿ ಎಲ್ಲ ಡಾಂಬರ್ ಮೇಲೆ ಹರಡಿರ್ತಾರೆ, ಕಾರ್‌ಗಳು ಹತ್ತಿ ತುಳಿದು ಹೋದ್ರೆ ಅವರಿಗೆ ಒಕ್ಕಣೆ ಆಯ್ತು, ಬೈಕಿನವರಿಗೆ ಮಾತ್ರ ಸೋಪ್ ನೊರೆ ಮೇಲೆ ಓಡ್ಸಿದಂಗೆ. ಹುರುಳಿ ಬಳ್ಳಿ ಚಕ್ರಕ್ಕೂ ಚೈನ್‌ಗೂ ಸುತ್ಕೊಳ್ಳತ್ತೆ, ಒಣ ಹುಲ್ಲು ಸೈಲೆನ್ಸರ್‌ಗೆ ಅಂಟಿದ್ರೆ ಹೊಗೆ ಬರತ್ತೆ. ದೂರದಿಂದ ಕಂಡ ತಕ್ಷಣ ಸ್ಪೀಡ್ ಇಳಿಸಿ, ಅದರ ಮೇಲೆ ಬ್ರೇಕೂ ಹಾಕ್ಬೇಡಿ, ವಾಲೋದೂ ಬೇಡ, ದಾಟಿದ್ಮೇಲೆ ನಿಲ್ಸಿ ಹಿಂದಿನ ಚಕ್ರ ಒಂದ್ಸಲ ನೋಡಿ. ನಾವು ಒಂದು ಹಿಡಿ ಬಳ್ಳಿ ಕಿತ್ವಿ.

ಹೆಲ್ಮೆಟ್ ಬಗ್ಗೆ ಪಾಠ ಮಾಡಲ್ಲ, ಐಎಸ್ಐ ಗುರುತಿರೋದು, ಇಬ್ಬರಿಗೂ, ಬಕಲ್ ಹಾಕಿ, ಅಷ್ಟೇ. ಕಪ್ಪು ವೈಸರ್ ಒಂದೇ ಇದ್ರೆ ಸಂಜೆ ಆರಾದ್ಮೇಲೆ ಕಣ್ಣು ಕಟ್ಟಿದಂಗೆ, ಬಿಳೀದೊಂದು ಇಟ್ಕೊಳಿ. ಹೈವೇಲಿ ಏನಾದ್ರೂ ಆದ್ರೆ 1033, ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112, ಈ ಮೂರೂ ಹಿಂದೆ ಕೂತಿರೋರ ಮೊಬೈಲಲ್ಲೂ ಇರ್ಲಿ.

ಭಾನುವಾರ ನಾಲ್ಕು ಗಂಟೆ ಒಳಗೆ ನೆಲಮಂಗಲ ದಾಟೋ ಹಾಗೆ ಹೊರಡಿ, ಆಮೇಲೆ ಇಡೀ ಕರ್ನಾಟಕ ಬೆಂಗಳೂರಿಗೆ ವಾಪಸ್ ಬರ್ತಿರತ್ತೆ. ನಾವು ಆರೂವರೆಗೆ ಬಂದು ಪೀಣ್ಯ ದಾಟೋಕೆ ಒಂದು ಗಂಟೆ ತಗೊಂಡ್ವಿ. ಮನೆಗೆ ಬಂದ ತಕ್ಷಣ ಚೈನ್ ಬಿಸಿ ಇರೋವಾಗಲೇ 90 ನಂಬರ್ ಗೇರ್ ಆಯಿಲ್ ಬಿಟ್ಟೆ, ಕೈಯಲ್ಲಿ ಚಕ್ರ ತಿರುಗಿಸ್ತಾ. ಇಂಜಿನ್ ಸ್ಟಾರ್ಟ್ ಮಾಡಿ ಗೇರಲ್ಲಿಟ್ಟು ಬಟ್ಟೆಯಲ್ಲಿ ಚೈನ್ ಒರೆಸೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಬಟ್ಟೆ ಎಳ್ಕೊಂಡ್ರೆ ಬೆರಳೂ ಹೋಗತ್ತೆ. ಸೋಮವಾರ ಆಫೀಸ್ ಮುಗಿಸಿ ಜೆ.ಸಿ. ರೋಡಿಗೆ ಹೋಗಿ 24 ನಂಬರ್ ಸ್ಪ್ಯಾನರ್ ತಂದೆ, ಸೀಟ್ ಕೆಳಗೆ ಜಾಗ ಸಾಲ್ಲಿಲ್ಲ, ಹಳೇ ಟವಲಲ್ಲಿ ಸುತ್ತಿ ಸೈಡ್ ಬ್ಯಾಗಲ್ಲಿ ಹಾಕಿಟ್ಟಿದೀನಿ. ಭಾಮೈದ ಜನವರಿಯಲ್ಲಿ ಆಗುಂಬೆ ಅಂತಿದಾನೆ.