ಇನ್ನಾಸ ಯಾರು, ಇಗ್ನೇಷಿಯಸ್ ಯಾರು

"ಸ್ವಾಮಿ, ಮೊನ್ನೆ ನೀವು ಯಾರನ್ನು ಮಣ್ಣು ಮಾಡಿದಿರಿ?"

ಮಗನನ್ನು ಕಳೆದುಕೊಂಡು ಮೂರು ದಿನವಾಗಿದ್ದ ತಾಯಿ ಕೇಳಿದ ಪ್ರಶ್ನೆ ಇದು. ಚರ್ಚಿನ ಗುರುಮನೆಯ ಜಗಲಿಯಲ್ಲಿ ಕುರ್ಚಿ ಹಾಕಿಸಿದರೂ ಕೂರದೆ ಕಂಬಕ್ಕೆ ಒರಗಿ ನಿಂತಿದ್ದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ತಿಳಿಯದ್ದನ್ನು ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಆ ಧರ್ಮಕೇಂದ್ರಕ್ಕೆ, ಅಂದರೆ ಆ ಊರಿನ ಚರ್ಚಿಗೆ, ಬಂದು ಮೂರು ತಿಂಗಳಾಗಿತ್ತು. ಪಟ್ಟಣದ ದೊಡ್ಡ ಚರ್ಚಿನಲ್ಲಿ ಎರಡು ವರ್ಷ ಸಹಾಯಕ ಗುರುವಾಗಿದ್ದ ಮೇಲೆ, ಬೀಗದ ಕೈಗಳ ಗೊಂಚಲು ಮೊದಲ ಬಾರಿಗೆ ನನ್ನ ಕೈಗೆ ಬಂದ ಊರು ಅದು. ಸತ್ತವನು ತೆಂಗಿನ ಮರದಿಂದ ಬಿದ್ದಿದ್ದ. ಮೂವತ್ತೊಂದು ವರ್ಷ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಮೂರು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಿ ಬಂದಿದ್ದ ನಾನು ಪುನರುತ್ಥಾನದ ಬಗ್ಗೆ ಇಪ್ಪತ್ತು ನಿಮಿಷ ಬೋಧಿಸಿದೆ. ಚೀಟಿ ನೋಡದೆ ಮಾತನಾಡಿದೆನೆಂಬ ಹೆಮ್ಮೆ ಒಳಗೊಳಗೇ ಇತ್ತು. ಪೂಜೆಯಲ್ಲಿ, ಬೋಧನೆಯಲ್ಲಿ, ಗುಣಿಯ ಮುಂದೆ ತೀರ್ಥ ಚಿಮುಕಿಸುವಾಗ, ಎಲ್ಲ ಸೇರಿ ಹತ್ತು ಹನ್ನೆರಡು ಸಲ "ಇಗ್ನೇಷಿಯಸ್" ಎಂದಿರಬೇಕು. ತಲೆಗೆ ನೀರು ಹೊಯ್ದು ಹೆಸರಿಡುವ ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹಾಗೆಯೇ ಬರೆದಿತ್ತು. ಊರಿಗೆ ಅವನು ಇನ್ನಾಸ. ಶಾಲೆಯಲ್ಲಿ ಇನ್ನಾಸಪ್ಪ, ಸಾಲದ ಪುಸ್ತಕದಲ್ಲಿ ಇನ್ನಾಸಪ್ಪ, ಅವ್ವನ ಬಾಯಲ್ಲಿ ಇನ್ನಾಸ. ಇಗ್ನೇಷಿಯಸ್ ಎಂಬ ಮನುಷ್ಯ ಆ ಬೀದಿಯಲ್ಲಿ ಒಂದು ದಿನವೂ ಓಡಾಡಿರಲಿಲ್ಲ.

"ಪೂಜೆ ಉದ್ದಕ್ಕೂ ಕಾಯುತ್ತಿದ್ದೆ ಸ್ವಾಮಿ, ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ಬೇರೆ ಯಾರಿಗೋ ಪೂಜೆ ಮಾಡಿ ಮುಗಿಸಿದಿರಿ."

ಪಾದ್ರಿಗಳಿಗೆ ಭಾನುವಾರ ಒಂದು ಗಂಟೆ ಮಾತ್ರ ಕೆಲಸ ಎಂದು ಬಸ್ಸಿನಲ್ಲಿ ಪಕ್ಕ ಕೂತವರು ತಮಾಷೆ ಮಾಡುವುದುಂಟು. ಮಿಕ್ಕ ದಿನ ನಾವು ಏನು ಮಾಡುತ್ತೇವೆ ಎಂದರೆ, ಬಹುಪಾಲು ಹೆಸರು ಬರೆಯುತ್ತೇವೆ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ದೀಕ್ಷಾಸ್ನಾನ, ಮದುವೆ, ಮರಣಗಳ ರಿಜಿಸ್ಟರುಗಳು ಇರಲೇಬೇಕು. ದೀಕ್ಷಾಸ್ನಾನದ ಸಾಲಿನ ಪಕ್ಕದಲ್ಲಿ ಮುಂದೆ ಆ ಮನುಷ್ಯನ ಮದುವೆ ಎಲ್ಲೇ ನಡೆದರೂ ಅದನ್ನು ದಾಖಲಿಸಬೇಕು. ದುಬೈನಲ್ಲಿ ಮದುವೆಯಾದರೂ ಅಲ್ಲಿಂದ ತಿಳುವಳಿಕೆ ಪತ್ರ ನಮ್ಮ ಊರಿಗೆ ಬರುತ್ತದೆ, ನಾನು ರಿಜಿಸ್ಟರು ತೆಗೆದು ಅಂಚಿನಲ್ಲಿ ಬರೆಯುತ್ತೇನೆ. ಹುಟ್ಟಿದ ಊರನ್ನು ಬಿಟ್ಟವರೂ ರಿಜಿಸ್ಟರಿನ ಸಾಲನ್ನು ಬಿಟ್ಟು ಹೋಗಲಾರರು.

ನಮ್ಮ ಕಬ್ಬಿಣದ ಬೀರುವಿನಲ್ಲಿರುವ ಹಳೆಯ ಸಂಪುಟಗಳು ಲತ್ತೀನಿನಲ್ಲಿವೆ. ಮೈಸೂರು ಸೀಮೆಯಲ್ಲಿ ದುಡಿದ ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಗುರುಗಳು ಬರೆದವು. ಮಸಿ ಕಂದಾಗಿದೆ, ಹಾಳೆಯ ಮೂಲೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಕನ್ನಡದ ಹೆಸರುಗಳು ಫ್ರೆಂಚ್ ಕಿವಿಗೆ ಕೇಳಿದಂತೆ ಅಲ್ಲಿ ಕೂತಿವೆ. ಒಂದೊಂದನ್ನು ಜೋರಾಗಿ ಓದಿದರೆ ಮಾತ್ರ ಯಾರದೆಂದು ಹೊಳೆಯುತ್ತದೆ. ಆ ಗುರುಗಳು ಬರೆಯುವಾಗ ಸಂತರ ಹೆಸರು ಬರೆದರು, ಜನ ಕರೆಯುವಾಗ ತಮ್ಮ ಬಾಯಿಗೆ ಒಗ್ಗಿದ ಹೆಸರು ಕರೆದರು. ಪೇತ್ರ, ಅಂದರೆ ಪೀಟರ್, ರಾಯಪ್ಪ. ಕ್ಸೇವಿಯರ್ ಎಂದರೆ ಸವರಿಯಪ್ಪ, ಅವನೇ ಇನ್ನೊಂದು ಊರಿನಲ್ಲಿ ಚೌರಪ್ಪ. ಇಗ್ನೇಷಿಯಸ್ ಎಂದರೆ ಇನ್ನಾಸಪ್ಪ. ಯೊವಾನ್ನ ಎಂದರೆ ಅರುಳಪ್ಪ. ಪೌಲನ ಕಥೆಯಂತೂ ಸೊಗಸಾಗಿದೆ. ಲತ್ತೀನಿನಲ್ಲಿ ಪೌಲ ಎಂದರೆ ಚಿಕ್ಕವನು. ತಮಿಳಿನಲ್ಲಿ 'ಚಿನ್ನ' ಎಂದರೆ ಚಿಕ್ಕದು, ಹಾಗಾಗಿ ಅಲ್ಲಿ ಅವನು ಚಿನ್ನಪ್ಪನಾದ. ಅದೇ ಹೆಸರು ನಮ್ಮ ಕಡೆಗೆ ಬಂದು ಕನ್ನಡದ ಕಿವಿಗೆ ಬಿದ್ದದ್ದೇ ತಡ, ಚಿಕ್ಕವನು ಹೋಗಿ ಬಂಗಾರದವನು ಬಂದ. ನಮ್ಮ ಚಿನ್ನಪ್ಪನವರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ನಂಬಬೇಕಾದ ಅಗತ್ಯವೂ ಇಲ್ಲ ಎನ್ನಿ.

ಜನ ಗುರುಗಳನ್ನೂ ಬಿಡಲಿಲ್ಲ. ಟಿಪ್ಪುವಿನ ಪತನವಾದ 1799ರ ನಂತರ ಶ್ರೀರಂಗಪಟ್ಟಣದ ಗಂಜಾಂನಲ್ಲಿ ನೆಲೆಸಿದ್ದ ಅಬ್ಬೆ ದುಬ್ವಾ ಫ್ರೆಂಚರವರು. ಜನರ ಬಾಯಲ್ಲಿ ಅವರು ದೊಡ್ಡಸ್ವಾಮಿಯವರು. ಸಿಡುಬಿನ ಲಸಿಕೆ ಹಾಕಿಸಲು ಊರೂರು ಅಲೆದರು. 1823ರಲ್ಲಿ ಫ್ರಾನ್ಸಿಗೆ ಮರಳುವ ಹೊತ್ತಿಗೆ ಇಲ್ಲಿಯ ಧರ್ಮಪ್ರಚಾರದಿಂದ ಏನೂ ಆಗದು ಎಂಬ ನಿರಾಶೆ ಅವರನ್ನು ಕವಿದಿತ್ತು, ಅದನ್ನು ಬರೆದೂ ಪ್ರಕಟಿಸಿದರು. ನನಗೆ ಸೋಮವಾರ ಬೆಳಗ್ಗೆ ಆಗಾಗ ಅವರ ನೆನಪಾಗುತ್ತದೆ. ಅವರು ಲೆಕ್ಕ ಹಾಕಿದ್ದು ಎಷ್ಟು ಜನ ಚರ್ಚಿಗೆ ಬಂದರು ಎಂದು. ಸಿಡುಬು ಬಾರದೆ ಉಳಿದವರು ಆ ಲೆಕ್ಕದಲ್ಲಿ ಇರಲಿಲ್ಲ.

ತಾಯಿ ಬಂದು ಹೋದ ಸಂಜೆ ಉಪದೇಶಿಗಳನ್ನು ಕರೆಸಿದೆ. ನಮ್ಮ ಹಳ್ಳಿಗಳಲ್ಲಿ ಉಪದೇಶಿ ಎಂದರೆ ಜಪ ಹೇಳಿಸುವವರು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ಯಾರ ಮನೆಯಲ್ಲಿ ಯಾರಿಗೆ ಕಾಯಿಲೆ ಎಂದು ಸ್ವಾಮಿಗಳಿಗಿಂತ ಮೊದಲೇ ಗೊತ್ತಿರುವವರು. ಗುರುಗಳು ಐದಾರು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ, ಉಪದೇಶಿ ಇರುತ್ತಾರೆ. ಇವರಿಗೆ ಆಗ ಎಪ್ಪತ್ತು ದಾಟಿತ್ತು. ಹುಡುಗನಾಗಿದ್ದಾಗ ಪೀಠದ ಬಳಿ ಮೊಣಕಾಲೂರಿ "ಎತ್ ಕುಂ ಸ್ಪಿರಿತು ತುವೊ" ಎಂದು ಲತ್ತೀನಿನಲ್ಲಿ, ಅರ್ಥ ತಿಳಿಯದೆ ಉತ್ತರಿಸುತ್ತಿದ್ದವರು. 1963ರ ಡಿಸೆಂಬರಿನಲ್ಲಿ ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಆಯಾ ನಾಡಿನ ಭಾಷೆಗೆ ಬಾಗಿಲು ತೆರೆಯಿತು. ಕನ್ನಡದಲ್ಲಿ ಮೊದಲ ಪೂಜೆ ಕೇಳಿದಾಗ ಹೇಗನ್ನಿಸಿತು ಎಂದು ಒಮ್ಮೆ ಕೇಳಿದ್ದೆ. "ನಮ್ಮ ಸ್ವಾಮಿಗಳು ಇಷ್ಟು ದಿನ ಇದನ್ನೇ ಹೇಳುತ್ತಿದ್ದರೇ ಎನ್ನಿಸಿತು" ಎಂದಿದ್ದರು. ಹೊಗಳಿಕೆಯೋ ಅಲ್ಲವೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಅವರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು. ಹಾಲಿನ ಡೈರಿಯವರು ಕೊಡುವಂಥದ್ದು, ರಟ್ಟಿಗೆ ಎಣ್ಣೆ ಹಿಡಿದಿತ್ತು. ಮನೆಮನೆಯ ಲೆಕ್ಕ. ಒಂದು ಬದಿಗೆ ರಿಜಿಸ್ಟರಿನ ಹೆಸರು, ಇನ್ನೊಂದು ಬದಿಗೆ ಕರೆಯುವ ಹೆಸರು. ಮೇರಿ ಮ್ಯಾಗ್ಡಲೀನ್: ಮದಲಿ. ಅಂತೋಣಿ ಸ್ವಾಮಿ: ಕುಳ್ಳಣ್ಣ. ಕೆಲವರ ಎದುರು ಒಂದೆರಡು ಪದ ಹೆಚ್ಚಿಗೆ: "ತಮ್ಮನ ಜೊತೆ ಮಾತಿಲ್ಲ", "ಕಿವಿ ಮಂದ, ಬಲಗಡೆ ಕೂತು ಮಾತಾಡಬೇಕು." ಏಳು ವರ್ಷದ ಓದಿನಲ್ಲಿ ಇಂಥ ಪಠ್ಯಪುಸ್ತಕ ನನ್ನ ಕೈಗೆ ಬಂದಿರಲಿಲ್ಲ.

"ಇದನ್ನು ಮೊದಲೇ ಏಕೆ ಕೊಡಲಿಲ್ಲ ಉಪದೇಶಿಗಳೇ?"

"ನೀವು ಕೇಳಲಿಲ್ಲ ಸ್ವಾಮಿ. ರಿಜಿಸ್ಟರು ಎಲ್ಲಿದೆ ಎಂದು ಕೇಳಿದಿರಿ, ತೋರಿಸಿದೆ."

ಹೊಸದಾಗಿ ಅಂಗಡಿ ಇಟ್ಟವನ ಉತ್ಸಾಹದಲ್ಲಿ ಆ ಪುಸ್ತಕವನ್ನು ಬಾಯಿಪಾಠ ಮಾಡಿಬಿಟ್ಟೆ. ಆಗಲೇ ಎರಡನೇ ತಪ್ಪು ನಡೆದದ್ದು.

ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಕೊಂಡೊಯ್ಯುತ್ತೇವೆ. ಕೆರೆಯ ಕಡೆಯ ಮನೆಯಲ್ಲಿ ಒಬ್ಬ ವೃದ್ಧೆ ಇದ್ದರು. ರಿಜಿಸ್ಟರಿನಲ್ಲಿ ಮರಿಯ ಆರೋಗ್ಯಂ, ಉಪದೇಶಿಗಳ ಪುಸ್ತಕದಲ್ಲಿ ಪುಟ್ಟಮ್ಮ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪಕ್ಕದಲ್ಲಿ ಮುಕ್ಕಾಲಿ, ಅದರ ಮೇಲೆ ಬಿಳಿ ಬಟ್ಟೆ, ಮೇಣದಬತ್ತಿ, ಒಂದು ಲೋಟ ನೀರು, ಎಲ್ಲವನ್ನೂ ಸೊಸೆ ಅಣಿ ಮಾಡಿದ್ದರು. ನಾನು ಬಗ್ಗಿ, "ಪುಟ್ಟಮ್ಮನವರೇ, ಹೇಗಿದ್ದೀರಿ?" ಎಂದೆ. ಬಹಳ ದಿನದಿಂದ ಕಣ್ಣು ಬಿಡದವರು ಥಟ್ಟನೆ ಈ ಕಡೆ ತಿರುಗಿದರು. ನನಗೆ ಒಳಗೇ ಖುಷಿ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು:

"ಆ ಹೆಸರು ನಿಮಗೆ ಯಾರು ಹೇಳಿದರು? ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಹೋಗಿ ಹತ್ತೊಂಬತ್ತು ವರ್ಷವಾಯಿತು. ನೀವು ಆರೋಗ್ಯಮ್ಮ ಎನ್ನಿ, ಸಾಕು."

ಉಪದೇಶಿಗಳು ಹೊರಗೆ ಚಪ್ಪಲಿ ಹುಡುಕುವವರಂತೆ ತಲೆ ತಗ್ಗಿಸಿ ನಿಂತಿದ್ದರು. ಆ ಮನೆಯ ಯಜಮಾನರು ಅವರ ಜೊತೆಗಾರರಾಗಿದ್ದರಂತೆ. ತಿಳಿದಿರಬೇಕಾದ ಹೆಸರು ಬೇರೆ, ಕರೆಯಬೇಕಾದ ಹೆಸರು ಬೇರೆ ಎಂದು ದಾರಿಯಲ್ಲಿ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಪೆನ್ಸಿಲಿನಿಂದ ಪುಸ್ತಕದಲ್ಲಿ ಆ ಹೆಸರಿನ ಸುತ್ತ ಒಂದು ಗೆರೆ ಎಳೆದೆ, ಅಷ್ಟೆ.

ಹೆಸರೇ ಬೇಡದ ಜಾಗವೂ ನಮ್ಮಲ್ಲಿದೆ. ಪಾಪನಿವೇದನೆಗೆ ಬಂದವರ ಹೆಸರನ್ನು ನಾನು ಕೇಳುವುದಿಲ್ಲ. ದನಿಯಿಂದ ಯಾರೆಂದು ಗೊತ್ತಾದರೂ ಗೊತ್ತಾಗಿಲ್ಲ. ಅಲ್ಲಿ ಕೇಳಿದ್ದು ಅಲ್ಲಿಗೇ ಮುಗಿಯಬೇಕು, ಪ್ರಾಣ ಹೋದರೂ. ಇದರ ಬಗ್ಗೆ ಇಷ್ಟೇ ಬರೆಯಬಹುದು.

ಕಚೇರಿಯ ಕೆಲಸದಲ್ಲಿ ಹೆಸರು ಇನ್ನೊಂದು ರೀತಿ ಕಾಡುತ್ತದೆ. ದೀಕ್ಷಾಸ್ನಾನದ ಪತ್ರದಲ್ಲಿ ಒಂದು, ಶಾಲೆಯ ವರ್ಗಾವಣೆ ಪತ್ರದಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಮೂರೂ ಒಂದೇ ಹುಡುಗಿ ಎಂದು ನಾನು ಬರೆದುಕೊಡಬೇಕು. "ಸ್ವಲ್ಪ ತಿದ್ದಿಬಿಡಿ ಫಾದರ್, ಒಂದು ಅಕ್ಷರ ತಾನೇ" ಎನ್ನುತ್ತಾರೆ. ರಿಜಿಸ್ಟರಿನಲ್ಲಿ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪಿದ್ದರೆ ಅದನ್ನು ಹಾಗೆಯೇ ಬಿಟ್ಟು, ಮೇಲಿನವರ ಅನುಮತಿ ಪಡೆದು, ಅಂಚಿನಲ್ಲಿ ಬರೆದು ಸಹಿ ಹಾಕಬೇಕು. ತಪ್ಪೂ ಇರುತ್ತದೆ, ತಿದ್ದಿದ್ದೂ ಇರುತ್ತದೆ. ಒಪ್ಪುತ್ತೇನೆ, ಅವಸರದಲ್ಲಿ ಬಂದವರಿಗೆ ಇದು ತಲೆನೋವು.

ಮಗುವಿನ ದೀಕ್ಷಾಸ್ನಾನದ ವಿಧಿಯಲ್ಲಿ ಗುರು ಕೇಳುವ ಮೊದಲ ಪ್ರಶ್ನೆಯೇ "ಈ ಮಗುವಿಗೆ ಏನು ಹೆಸರಿಡುತ್ತೀರಿ?" ಎಂದು. ಕಳೆದ ವರ್ಷ ಇದನ್ನು ಕೇಳಿದಾಗ ಬೆಂಗಳೂರಿನಿಂದ ಬಂದ ತಂದೆ "ರಿಯಾಂಶ್" ಎಂದ, ಹಿಂದಿನಿಂದ ಅಜ್ಜಿ "ರಾಯಪ್ಪ" ಎಂದರು. ಚರ್ಚೆಲ್ಲ ನಕ್ಕಿತು, ತಂದೆಯ ಮುಖ ಕೆಂಪಾಯಿತು. ರಿಯಾಂಶ್ ಪೀಟರ್ ಎಂದು ಬರೆದುಕೊಂಡೆ. ಆದರೆ ತಲೆಗೆ ನೀರು ಹೊಯ್ಯುವಾಗ ಅಳುತ್ತಿದ್ದ ಮಗುವನ್ನು ಅಜ್ಜಿ "ರಾಯಿ, ರಾಯಿ" ಎಂದು ಸಮಾಧಾನ ಮಾಡಿದ್ದನ್ನು ಕೇಳಿಸಿಕೊಂಡೆ. ಅದು ನನ್ನ ಪುಸ್ತಕಕ್ಕೆ ಹೋಯಿತು.

ಪೂಜೆ ಬರೆಸುವ ಪುಸ್ತಕವೂ ಒಂದಿದೆ. ಸತ್ತವರ ವರ್ಷದ ದಿನಕ್ಕೆ, ಪರೀಕ್ಷೆಗೆ, ಬೋರ್‌ವೆಲ್‌ನಲ್ಲಿ ನೀರು ಬಂದದ್ದಕ್ಕೆ. ಮಂಗಳವಾರ ಸಂತ ಅಂತೋಣಿಯವರ ಪ್ರಾರ್ಥನೆಗೆ ಬರುವವರಲ್ಲಿ ಹಿಂದೂಗಳೂ ಇರುತ್ತಾರೆ, ಅವರೂ ಬರೆಸುತ್ತಾರೆ. 2019ರಲ್ಲಿ ಬಸಿಲಿಕಾ, ಅಂದರೆ ವಿಶೇಷ ಮನ್ನಣೆಯ ಚರ್ಚು, ಎಂಬ ಪದವಿ ಪಡೆದ ಮೈಸೂರು ಜಿಲ್ಲೆಯ ಡೋರ್ನಹಳ್ಳಿಯ ಅಂತೋಣಿಯವರ ಚರ್ಚಿಗೆ ಜೂನ್ 13ರ ಹಬ್ಬದಲ್ಲಿ ಹೋಗಿ ನೋಡಿದವರಿಗೆ ಇದು ಹೊಸದಲ್ಲ. ಕ್ರಿಸ್ಮಸ್ ದಿನ ಬಿಟ್ಟರೆ, ಒಬ್ಬ ಗುರು ದಿನಕ್ಕೆ ಎಷ್ಟು ಪೂಜೆ ಮಾಡಿದರೂ ಒಂದರ ಕಾಣಿಕೆಯನ್ನು ಮಾತ್ರ ತಾನು ಇಟ್ಟುಕೊಳ್ಳಬಹುದು. ಭಾನುವಾರಗಳಂದು ಒಂದು ಪೂಜೆಯನ್ನು ಧರ್ಮಕೇಂದ್ರದ ಜನರೆಲ್ಲರಿಗಾಗಿ ಒಪ್ಪಿಸಬೇಕು, ಅದಕ್ಕೆ ಯಾರ ಕಾಣಿಕೆಯೂ ಇಲ್ಲ. ನನಗೆ ಬಹಳ ಇಷ್ಟವಾದ ನಿಯಮ ಅದು. ಚರ್ಚಿಗೆ ಕಾಲಿಡದವನೂ ಆ ಪೂಜೆಯಲ್ಲಿ ಇರುತ್ತಾನೆ, ಅವನಿಗೆ ಗೊತ್ತಿರುವುದಿಲ್ಲ ಅಷ್ಟೆ.

ಆ ವರ್ಷ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ಸಮಾಧಿಗಳಿಗೆಲ್ಲ ಸುಣ್ಣ ಬಳಿದು ಚೆಂಡುಹೂವು ಏರಿಸಿದ್ದರು. ಪೂಜೆಯಲ್ಲಿ ಓದಲು ಹೆಸರುಗಳ ಚೀಟಿಗಳು ಬುಟ್ಟಿಯಲ್ಲಿ ಬಂದವು. ಇನ್ನಾಸನ ತಾಯಿಯ ಚೀಟಿಯನ್ನು ಯಾರೋ ಶಾಲೆಯ ಮಗು ಬರೆದುಕೊಟ್ಟಿತ್ತು. ದುಂಡಗಿನ ಅಕ್ಷರದಲ್ಲಿ "ಇಗ್ನೇಷಿಯಸ್" ಎಂದಿತ್ತು. ಸ್ವಾಮಿಗಳು ಹಾಗೆ ಹೇಳುತ್ತಾರೆ ಎಂದು ನನಗಾಗಿ ಹಾಗೆ ಬರೆಸಿದ್ದರು. ನಾನು ಚೀಟಿಯನ್ನು ಮಡಚಿ "ಇನ್ನಾಸ" ಎಂದು ಓದಿದೆ. ಆಕೆ ಯಾವ ಸಾಲಿನಲ್ಲಿ ಕೂತಿದ್ದರೋ ನಾನು ತಲೆಯೆತ್ತಿ ನೋಡಲಿಲ್ಲ. ವಾರದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಒಂದು ಕಟ್ಟು ನುಗ್ಗೆಕಾಯಿ ಇತ್ತು. ಯಾರಿಟ್ಟರು ಎಂದು ಅಡುಗೆಯವರು ಹೇಳಲಿಲ್ಲ.

ಬೈಬಲಿನ ಯೊವಾನ್ನರ ಶುಭಸಂದೇಶದ ಇಪ್ಪತ್ತನೇ ಅಧ್ಯಾಯವನ್ನು ಪಾಸ್ಕ (ಈಸ್ಟರ್) ಹಬ್ಬದಲ್ಲಿ ನಾನು ಎಷ್ಟು ಸಲ ಓದಿದ್ದೆನೋ. ಮಗ್ದಲದ ಮರಿಯ ಸಮಾಧಿಯ ಬಳಿ ಅಳುತ್ತಾ ನಿಂತಿದ್ದಾಳೆ. ಯೇಸು ಎದುರಿಗೇ ಇದ್ದರೂ ತೋಟದ ಮಾಲಿ ಎಂದುಕೊಳ್ಳುತ್ತಾಳೆ. ಏಕೆ ಅಳುತ್ತಿದ್ದೀಯೆ, ಯಾರನ್ನು ಹುಡುಕುತ್ತಿದ್ದೀಯೆ ಎಂದು ಅವರು ಕೇಳಿದಾಗಲೂ ಗುರುತು ಹತ್ತುವುದಿಲ್ಲ. "ಮರಿಯಾ" ಎಂದಾಗ ಹತ್ತುತ್ತದೆ. ನನ್ನ ಇಪ್ಪತ್ತು ನಿಮಿಷದ ಬೋಧನೆಯಲ್ಲಿ ಈ ಭಾಗವನ್ನೂ ವಿವರಿಸಿದ್ದೆ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ನನ್ನ ಸಾಲು ನನ್ನ ಹುಟ್ಟೂರಿನ ರಿಜಿಸ್ಟರಿನಲ್ಲಿದೆ. ಅಂಚಿನಲ್ಲಿ ಮದುವೆಯ ಜಾಗ ಖಾಲಿ, ಅದರ ಪಕ್ಕ ಗುರುದೀಕ್ಷೆಯ ದಿನಾಂಕ. ಆ ದಿನದಿಂದ ನನ್ನ ಅವ್ವ ನನ್ನನ್ನು ಬಹುವಚನದಲ್ಲಿ ಮಾತನಾಡಿಸುತ್ತಾರೆ. "ಸ್ವಾಮಿ, ಊಟಕ್ಕೆ ಏಳಿ", "ಸ್ವಾಮಿ, ಇನ್ನೊಂದು ಮುದ್ದೆ ಹಾಕಿಸಿಕೊಳ್ಳಿ." ಬೇಡವೆಂದರೆ, ನೀವು ಈಗ ದೇವರವರು ಎನ್ನುತ್ತಾರೆ. ಹದಿನಾರು ವರ್ಷ ಹೀಗೇ ನಡೆದಿದೆ. ಕಳೆದ ಕ್ರಿಸ್ಮಸ್ ಮುಗಿಸಿ ಎರಡು ದಿನ ಊರಿಗೆ ಹೋಗಿದ್ದೆ. ಹೊರಡುವ ಬೆಳಗ್ಗೆ ಬಸ್ ನಿಲ್ದಾಣದವರೆಗೆ ಬಂದರು, ನಾಲ್ಕು ಜನರ ಎದುರು "ಹೋಗಿ ಬನ್ನಿ ಸ್ವಾಮಿ" ಎಂದು ಕೈಮುಗಿದರು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಕಂಡಕ್ಟರ್ ಶಿಳ್ಳೆ ಹಾಕಿ ಬಸ್ಸು ಕದಲಿದಾಗ, ಕಲ್ಲುಬೆಂಚಿನ ಮೇಲೆ ಸ್ಟೀಲ್ ಡಬ್ಬಿ ಅಲ್ಲೇ ಉಳಿದದ್ದು ಅವರ ಕಣ್ಣಿಗೆ ಬಿತ್ತು. ಸೆರಗು ಎತ್ತಿ ಕಟ್ಟಿ ಬಸ್ಸಿನ ಹಿಂದೆ ಓಡಿದರು.

"ಏ ಚೌರಿ! ಡಬ್ಬಿ ಬಿಟ್ಟೆಯಲ್ಲೋ!"