ನಾಲ್ಕಕ್ಕೆ ಹಾಕುತ್ತಿದ್ದ ಬಾಗಿಲು: ಟ್ರಸ್ಟಿಯಾಗಿ ನನ್ನ ಎಂಟು ತಿಂಗಳು

ಜೂನ್

ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡ ಕೆಲಸಗಾರರ ಮಕ್ಕಳಿಗೆ ಎರಡು ಶಿಶುಪಾಲನಾ ಕೇಂದ್ರ ನಡೆಸುವ ಚಿಕ್ಕ ಟ್ರಸ್ಟ್ ನಮ್ಮದು. ಈ ತಿಂಗಳು ನಾನೂ ಅದರ ಟ್ರಸ್ಟಿ ಆದೆ. ಸಂಬಳ ಇಲ್ಲ, ಬಸ್ ಚಾರ್ಜೂ ನಮ್ಮದೇ. ಅಕೌಂಟ್ಸ್ ಕೆಲಸ ಗೊತ್ತಿದ್ದರಿಂದ ಲೆಕ್ಕದ ಹೊಣೆ ನನಗೆ ಬಂತು.

ಮೊದಲು ಟ್ರಸ್ಟ್ ಡೀಡ್ ತರಿಸಿಕೊಂಡು ಓದಿದೆ. ‘ತಾಯಂದಿರು ದುಡಿಯುವ ಹೊತ್ತಿನಲ್ಲಿ ಮಕ್ಕಳ ಪಾಲನೆ’ ಅಂತ ಅದರಲ್ಲಿದೆ. ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ.

ಜುಲೈ

ಕೇಂದ್ರಕ್ಕೆ ಹೋದೆ. ತಗಡಿನ ಶೆಡ್‌ಗಳ ಸಾಲು. ಹೆಚ್ಚಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದವರು. ಮಧ್ಯಾಹ್ನದವರೆಗೂ ಎಲ್ಲ ಚೆನ್ನಾಗಿತ್ತು. ಬಿಸಿ ಅನ್ನ ಸಾರು, ಮೊಟ್ಟೆ, ಆಮೇಲೆ ಚಾಪೆ ಮೇಲೆ ಸಾಲಾಗಿ ಮಲಗಿದ ಮಕ್ಕಳು. ನಾಲ್ಕು ಗಂಟೆಗೆ ಬಾಗಿಲು ಹಾಕಿದರು.

ನಾನು ಅಲ್ಲೇ ಉಳಿದೆ. ಎರಡು ವರ್ಷದ ಮಗುವನ್ನು ಕರೆದುಕೊಂಡು ಹೋಗಲು ಬಂದಿದ್ದು ಅದರ ಅಕ್ಕ. ಅವಳಿಗೆ ಎಂಟು ವರ್ಷ ಇರಬಹುದು, ಬೆನ್ನ ಮೇಲೆ ಶಾಲೆ ಬ್ಯಾಗು ಹಾಗೇ ಇತ್ತು. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ಜಲ್ಲಿ ರಾಶಿ ದಾಟಿ ಹೋದಳು. ಆಚೆ ಕಂಬಿ ಕತ್ತರಿಸುತ್ತಿದ್ದರು. ಪಕ್ಕದಲ್ಲೇ ಸಂಪು, ಮೇಲೆ ಬರೀ ಒಂದು ಪ್ಲೈವುಡ್ ತುಂಡು. ತಾಯಿ ಕೆಲಸ ಬಿಟ್ಟು ಬಂದಾಗ ಐದೂವರೆ ದಾಟಿತ್ತು. ನನ್ನನ್ನು ನೋಡಿ ಕೇಳಿದಳು: “ನಾಲ್ಕಕ್ಕ ಬಾಗ್ಲಾ ಹಾಕಿದ್ರ ಐದೂವರಿ ತನಕ ಕೂಸಿನ್ನ ಎಲ್ಲಿ ಬಿಡ್ಲಿರೀ ಅಕ್ಕಾ?”

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾಲ್ಕು ಗಂಟೆ ಅನ್ನೋದು ಎಲ್ಲಿಂದ ಬಂತು ಅಂತ ಹಳಬರನ್ನು ಕೇಳಿದೆ. ಅಂಗನವಾಡಿ ವೇಳೆ ಒಂಬತ್ತೂವರೆಯಿಂದ ನಾಲ್ಕು ಅಲ್ವಾ, ಅದನ್ನೇ ಇಟ್ಟುಕೊಂಡರಂತೆ. ಸೈಟಿನ ಕೆಲಸದ ವೇಳೆ ಯಾರೂ ನೋಡಿರಲಿಲ್ಲ.

ಸೆಪ್ಟೆಂಬರ್

ಆಡಿಟ್. 80ಜಿ ರಸೀದಿಗಳನ್ನೆಲ್ಲ, ಅಂದರೆ ದಾನಿಗಳಿಗೆ ತೆರಿಗೆ ರಿಯಾಯಿತಿಗೆ ಅಂತ ಕೊಡುವ ರಸೀದಿಗಳನ್ನು, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದೆ. ಖಾತೆಯಲ್ಲಿ ದುಡ್ಡಿದೆ, ಆದರೆ ಅರ್ಧಕ್ಕಿಂತ ಜಾಸ್ತಿ ಆಟಿಕೆಗೆ, ಗೋಡೆ ಬಣ್ಣಕ್ಕೆ ಅಂತಲೇ ಬಂದದ್ದು. ಅದನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ಸಂಜೆ ಆರೂವರೆವರೆಗೆ ತೆರೆದಿಡಲು ಬೇಕಾದದ್ದು ಸಂಬಳದ ದುಡ್ಡೇ.

ಅಕ್ಟೋಬರ್

ಸಭೆಯಲ್ಲಿ ವಿಷಯ ಇಟ್ಟೆ. ಹಿರಿಯ ಟ್ರಸ್ಟಿಯೊಬ್ಬರು, “ಅಷ್ಟೇ ದುಡ್ಡಿನಲ್ಲಿ ಮೂರನೇ ಕೇಂದ್ರ ಶುರು ಮಾಡಿದರೆ ಇನ್ನಷ್ಟು ಮಕ್ಕಳಿಗೆ ಸಿಗುತ್ತೆ ಅಲ್ವಾ ಮೇಡಂ?” ಅಂದರು. ನ್ಯಾಯವಾದ ಪ್ರಶ್ನೆ. ಆದರೂ ಇರುವ ಮಕ್ಕಳನ್ನು ದಿನಾ ಒಂದೂವರೆ ಗಂಟೆ ಕಂಬಿ ರಾಶಿ ನಡುವೆ ಬಿಟ್ಟು ಹೊಸಬರನ್ನು ಸೇರಿಸಿಕೊಳ್ಳೋದು ನನಗೆ ಸರಿ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ.

ನಾನೂ ಒಂದು ತಪ್ಪು ಮಾಡಿದ್ದೆ. ಆಯಾಗಳನ್ನು ಕೇಳದೇ ಅವರ ಹೊಸ ವೇಳಾಪಟ್ಟಿ ಬರೆದುಕೊಂಡು ಹೋಗಿದ್ದೆ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಆರೂವರೆ ಅಂದರೆ ಹತ್ತು ಗಂಟೆ. ಅವರಿಗೂ ಮನೆ, ಮಕ್ಕಳು ಇದ್ದಾರೆ. ಸುದ್ದಿ ಕಿವಿಗೆ ಬಿದ್ದು ಅವರು ಬೇಜಾರು ಮಾಡಿಕೊಂಡರು. ಸಭೆಯಲ್ಲಿ ಏನೂ ತೀರ್ಮಾನ ಆಗಲಿಲ್ಲ.

ನವೆಂಬರ್

ಚಾಪೆ ಮೇಲೆ ಆಯಾಗಳ ಜೊತೆ ಕೂತು ಕ್ಷಮೆ ಕೇಳಿದೆ. ದಾರಿ ತೋರಿಸಿದ್ದೂ ಅವರೇ. ಇಬ್ಬರು ಬೆಳಗ್ಗೆ ಬೇಗ ಬರುವುದು, ಒಬ್ಬರು ಹನ್ನೊಂದಕ್ಕೆ ಬಂದು ಸಂಜೆ ಮುಗಿಸುವುದು. ಸಂಜೆಗೆ ಇನ್ನೊಬ್ಬರು ಬೇಕು. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರಾದರೂ ಇರಬೇಕು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತೆ. ನಾವು ಅದಕ್ಕಿಂತ ಕೆಳಗೆ ಇಳಿಯಬಾರದು ಅಂತ ನಾನು ಪಟ್ಟು ಹಿಡಿದೆ.

ಸೈಟ್ ಆಫೀಸಿಗೂ ಹೋಗಿ ಬಂದೆ. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕು ಅಂತ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಇಲ್ಲಿ ಒಬ್ಬೊಬ್ಬ ಮೇಸ್ತ್ರಿ ಕೈಕೆಳಗೆ ಹತ್ತು ಹದಿನೈದು ಹೆಂಗಸರು. “ನಮ್ಮ ಲೆಕ್ಕದಲ್ಲಿ ಐವತ್ತು ಎಲ್ಲಿದ್ದಾರೆ?” ಅಂತಾರೆ. ಸಿಟ್ಟು ಬಂತು. ಕೊನೆಗೆ ಸಂಜೆ ದೀಪದ ಕರೆಂಟು, ಸಂಪಿಗೆ ಕಬ್ಬಿಣದ ಮುಚ್ಚಳ, ಇಷ್ಟಕ್ಕೆ ಒಪ್ಪಿದರು.

ಸಂಬಳಕ್ಕೆ ಪರಿಚಯದವರನ್ನೇ ಕೇಳಿದೆ. ತಿಂಗಳು ತಿಂಗಳು ಕೊಡುತ್ತೇವೆ ಅಂತ ಹನ್ನೊಂದು ಜನ ಒಪ್ಪಿಕೊಂಡರು. ಯಾವುದಕ್ಕೆ ಅಂತ ರಸೀದಿಯಲ್ಲೇ ಬರೆಯುತ್ತಿದ್ದೇನೆ: ‘ಆಯಾ ಸಂಬಳ’.

ಡಿಸೆಂಬರ್

ಠರಾವು ಪಾಸಾಯಿತು. ಒಂದು ಕೇಂದ್ರದಲ್ಲಿ, ಆರು ತಿಂಗಳಿಗೆ. ಹೊಸ ಆಯಾ ಅವರ ಪೊಲೀಸ್ ವೆರಿಫಿಕೇಶನ್ ಮುಗಿದ ಮೇಲೇ ಕೆಲಸಕ್ಕೆ ತೆಗೆದುಕೊಂಡೆವು. ಮಗುವನ್ನು ಕರೆದುಕೊಂಡು ಹೋಗುವಾಗ ತಾಯಿ ಅಥವಾ ತಂದೆ ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಚಿಕ್ಕ ಅಕ್ಕಂದಿರ ಕೈಗೆ ಕೊಡುವುದಿಲ್ಲ. ಅವರು ಶಾಲೆಯಿಂದ ಬಂದರೆ ಒಳಗೇ ಕೂತು ಓದಿಕೊಳ್ಳಬಹುದು.

ಜನವರಿ

ಎರಡು ವಾರ ಆಯಿತು. 23 ಮಕ್ಕಳಲ್ಲಿ 17 ಮಕ್ಕಳು ಸಂಜೆಯೂ ಇರುತ್ತಾರೆ. ಐದಕ್ಕೆ ಹಾಲು, ಶೇಂಗಾ ಚಿಕ್ಕಿ. ತೀರಾ ಚಿಕ್ಕವರಿಗೆ ಚಿಕ್ಕಿ ಬದಲು ರಾಗಿ ಗಂಜಿ. ಒಂದು ಹೆಣ್ಣುಮಗುವಿನ ತೋಳಿನ ಸುತ್ತಳತೆ 12.2 ಸೆಂಟಿಮೀಟರ್, ಅಪೌಷ್ಟಿಕತೆ ನೋಡುವ ಬಣ್ಣದ ಟೇಪಿನಲ್ಲಿ ಇನ್ನೂ ಹಳದಿ. 12.5 ದಾಟಿದರೆ ಹಸಿರು. ಪ್ರತಿ ತಿಂಗಳು ಅಳೆಯುತ್ತೇವೆ.

ಜುಲೈಯಲ್ಲಿ ಕೇಳಿದ್ದ ಆ ತಾಯಿ ನಿನ್ನೆ ಆರು ಗಂಟೆಗೆ ಬಂದಳು. ಕೈಕಾಲು ತೊಳೆದು, ಸೀರೆ ಬದಲಿಸಿಕೊಂಡು ಬಂದಿದ್ದಳು. ಹುಡುಗ ನಿದ್ದೆ ಹೋಗಿದ್ದ. ಅಕ್ಕ ಮಗ್ಗಿ ಬರೆಯುತ್ತಿದ್ದಳು. ಮುಗಿಯಲಿ ಅಂತ ತಾಯಿ ಹೊಸ್ತಿಲ ಮೇಲೆ ಕೂತು ಕಾಯ್ದಳು.

ಜೂನ್‌ವರೆಗಿನ ಸಂಬಳಕ್ಕೆ ದುಡ್ಡಿದೆ. ಎರಡನೇ ಕೇಂದ್ರದ ಆಯಾಗಳ ಜೊತೆ ಬರುವ ಶನಿವಾರ ಮಾತಾಡುತ್ತೇನೆ. ಈ ಸಲ ವೇಳಾಪಟ್ಟಿ ಬರೆದುಕೊಂಡು ಹೋಗುವುದಿಲ್ಲ.